ಕಿರಿಯ ಉಗಿಬಂಡಿಯ ಜೀರ್ಣೋದ್ಧಾರ

ರೈಲು ನಮ್ಮ ನಾಡಿಗೆ ಬಂದ ಹೊಸದರಲ್ಲಿ ಜನರು ಅದನ್ನು ಹೊಗೆಬಂಡಿ ಎಂದರು. ಪಂಡಿತರು ಅದನ್ನೇ ಧೂಮಶಕಟವೆಂದು ಸಂಸ್ಕೃತಕ್ಕೆ ತಿರುಗಿಸಿದರು. ಎರಡೂ ಕಣ್ಣಿಗೆ ಕಂಡದ್ದನ್ನು ಹೇಳುವ ಹೆಸರುಗಳೇ ಹೊರತು ಕಾರಣವನ್ನು ಹೇಳುವಂಥವಲ್ಲ. ಬಂಡಿಯನ್ನು ಎಳೆಯುವುದು ಹೊಗೆಯಲ್ಲ, ಉಗಿ. ನೀರು ಕುದಿದು ಉಗಿಯಾದಾಗ ಮೊದಲಿದ್ದ ಸ್ಥಳದ ಸುಮಾರು 1,600 ಪಟ್ಟು ಸ್ಥಳವನ್ನು ಬೇಡುತ್ತದೆ. ಬೇಡಿದ ಸ್ಥಳ ದೊರೆಯದಿದ್ದಾಗ ಹುಟ್ಟುವ ಒತ್ತಡವನ್ನು ನಮ್ಮ ತಾಯಂದಿರು ದಿನವೂ ಕುಕ್ಕರಿನಲ್ಲಿ ಕಾಣುತ್ತಾರೆ. ಆದುದರಿಂದ ಉಗಿಬಂಡಿ ಎಂಬ ಮಾತೇ ಯುಕ್ತವಾದುದೆಂದು ನಮ್ಮ ಅಭಿಪ್ರಾಯ.

ಇಂಥ ಒಂದು ಕಿರಿಯ ಉಗಿಬಂಡಿಯ ಎಂಜಿನ್ನನ್ನು ಇಂಗ್ಲೆಂಡಿನಲ್ಲಿ ನೌಕರಿಯಲ್ಲಿರುವ ನಮ್ಮ ಅಳಿಯಂದಿರು ಅಲ್ಲಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಕೊಂಡು, ಹುಬ್ಬಳ್ಳಿಯ ನಮ್ಮ ಮನೆಗೆ ತಂದರು. ಇದು ಕೀಲಿ ಕೊಟ್ಟು ಓಡಿಸುವ ಗೊಂಬೆಯಲ್ಲ. ಹಿತ್ತಾಳೆಯ ಬಾಯ್ಲರು, ಕೆಳಗೆ ಬೆಂಕಿ, ಎರಡು ಸಿಲಿಂಡರುಗಳುಳ್ಳ ನಿಜವಾದ ಯಂತ್ರ. ಆ ದೇಶದಲ್ಲಿ ಇಂಥವನ್ನು ಮನೆಯ ತೋಟದಲ್ಲಿ ಹಳಿ ಹಾಸಿ ಓಡಿಸುವ ಹವ್ಯಾಸಿಗಳು ಬಹಳ. ಒಂದು ಅಡಿಗೆ 16 ಮಿ.ಮೀ. ಎಂಬುದು ಅವರ ಅಳತೆ. ಹಳಿಗಳ ನಡುವೆ 32 ಮಿ.ಮೀ. ಅಂತರವಿದ್ದರೆ ಅದು ಎರಡಡಿ ಅಗಲದ ಕಿರುರೈಲಿಗೆ ಸಮನಾಗುತ್ತದೆ. ವೇಲ್ಸ್ ಪ್ರಾಂತದಲ್ಲಿ ಗಣಿಯ ಕಲ್ಲುಹಲಗೆಗಳನ್ನು ಬಂದರಿಗೆ ಸಾಗಿಸುತ್ತ, 1863ರಲ್ಲಿ ಉಗಿ ಎಂಜಿನ್ನುಗಳನ್ನು ಬಳಕೆಗೆ ತಂದ ಫೆಸ್ಟಿನಿಯೋಗ್ ರೈಲು ಹೆಚ್ಚು ಕಡಿಮೆ ಅಷ್ಟೇ ಅಗಲದ್ದು. 1881ರಲ್ಲಿ ಆರಂಭವಾದ ನಮ್ಮ ಡಾರ್ಜಿಲಿಂಗ್ ರೈಲಿನ ಅಗಲವೂ ಎರಡಡಿಯೇ.

ಬಂದ ಸಂಜೆಯೇ ಮೊಮ್ಮಗನ ಪ್ರಶ್ನೆ: "ಅಜ್ಜಾ, ಇವತ್ತ ಬೆಂಕಿ ಹಚ್ಚೂಣೇನು?"

ನಾವು ಬೇಡವೆಂದೆವು. ಬಾಯ್ಲರಿನ ನೆತ್ತಿಯ ಸೇಫ್ಟಿ ವಾಲ್ವು ಸುಣ್ಣದ ಪದರು ಕಟ್ಟಿ ಕಲ್ಲಾಗಿತ್ತು. ಉಗುರಿನಿಂದ ಎಷ್ಟು ಎತ್ತಿದರೂ ಕದಲಲಿಲ್ಲ. ಅದು ಕುಳಿತಿದ್ದ ಹಿತ್ತಾಳೆಯ ಬಳೆಯ ಸುತ್ತ ಹಿಂದಿನ ಒಡೆಯರಾರೋ ಸೀಸದ ಬೆಸುಗೆಯನ್ನು ಬಳಿದಿದ್ದರು. ಸೀಸ ತವರಗಳ ಸಾಮಾನ್ಯ ಬೆಸುಗೆ ಸುಮಾರು 183 ಡಿಗ್ರಿಗೇ ಕರಗತೊಡಗುತ್ತದೆ. ಚದರ ಅಂಗುಲಕ್ಕೆ 20 ಪೌಂಡು ಒತ್ತಡದಲ್ಲಿ ಒಳಗಿನ ನೀರು ಕುದಿಯುವುದೇ ಸುಮಾರು 126 ಡಿಗ್ರಿಯಲ್ಲಿ. ನೀರಿರುವವರೆಗೆ ಆ ಬೆಸುಗೆ ತಡೆದೀತು. ನೀರು ಬತ್ತಿ ಬೆಂಕಿ ಉಳಿದರೆ ಗತಿಯೇನು? ಮನೆಯಲ್ಲಿ ಮಕ್ಕಳಿರುವಾಗ ಇಂಥ ವಸ್ತುವನ್ನು ಆಟಿಕೆ ಎಂದು ಕರೆದು ಸುಮ್ಮನಾಗುವುದು ಸಲ್ಲದು. ಮೊಮ್ಮಗನು ಎರಡು ದಿನ ನಮ್ಮೊಡನೆ ಮಾತು ಬಿಟ್ಟನು. ನಮ್ಮ ಮನೆಯವರು ಮಾತ್ರ ನೆಮ್ಮದಿಯಾಗಿದ್ದರು.

ಬಾಯ್ಲರಿನ ಕೆಲಸಕ್ಕೆ ನಮಗೆ ನೆನಪಾದವರು ಬೆಳ್ಳಿಯ ಲಿಂಗದ ಕರಡಿಗೆಗಳನ್ನು ಮಾಡಿಕೊಡುವ ನಮ್ಮ ಓಣಿಯ ಪತ್ತಾರರು. ಬೆಳ್ಳಿಯ ಬೆಸುಗೆ ಕರಗುವುದಕ್ಕೆ 600 ಡಿಗ್ರಿಗೂ ಮೇಲ್ಪಟ್ಟ ಕಾವು ಬೇಕು. ಹಿತ್ತಾಳೆಯೇ ಕರಗುವುದು 900 ಡಿಗ್ರಿಯ ಆಸುಪಾಸಿನಲ್ಲಿ. ಈ ಎರಡರ ನಡುವಿನ ಅಂತರದಲ್ಲಿ ಕೈ ನಡೆಸುವುದು ಅವರ ನಿತ್ಯದ ವಿದ್ಯೆ. ಅವರು ಬಾಯ್ಲರನ್ನು ತಿರುಗಿಸಿ ತಿರುಗಿಸಿ ನೋಡಿ, "ಗುರುಗಳ, ಮೊದಲ ಈ ಸೀಸಾ ಪೂರಾ ಕೆರದು ತಗೀಬೇಕ್ರಿ. ಒಂದ್ ಚೂರು ಉಳದ್ರೂ ಬೆಳ್ಳಿ ಹಿಡ್ಯಂಗಿಲ್ಲ" ಎಂದರು. ಸೀಸವನ್ನು ಕೆರೆಯುವುದರಲ್ಲೇ ಒಂದು ದಿನ ಕಳೆಯಿತು. ಬಾಯ್ಲರಿನ ಉಳಿದ ಸಂದುಗಳು ಮೊದಲಿನಿಂದಲೂ ಬೆಳ್ಳಿಯ ಬೆಸುಗೆಯವು. ಅವು ಮತ್ತೆ ಸಡಿಲವಾಗದಂತೆ, ಅವುಗಳಿಗಿಂತ ಬೇಗ ಕರಗುವ ಬೆಸುಗೆಯನ್ನು ಆರಿಸಿ, ಬಿಳಿಗಾರ ಹಚ್ಚಿ ಕಾಯಿಸಿದರು. ಲೋಹವು ಮಂದಗೆಂಪು ಬಣ್ಣಕ್ಕೆ ತಿರುಗಿದ ಕ್ಷಣದಲ್ಲಿ ಬೆಸುಗೆಯು ನೀರಿನಂತೆ ಹರಿದು ಬಳೆಯ ಸುತ್ತ ಒಂದು ಗೆರೆಯಾಗಿ ನಿಂತಿತು. ಕೂಲಿ ಕೇಳಿದರೆ ಅವರು ಹೇಳಿದ ಮೊತ್ತ ನಮಗೇ ಸಂಕೋಚ ತರುವಷ್ಟು ಅಲ್ಪವಾಗಿತ್ತು.

ಒಳಗಿನ ಸುಣ್ಣದ ಪದರಿಗೆ ಅಡುಗೆಮನೆಯ ನಿಂಬೆ ಉಪ್ಪೇ ಮದ್ದಾಯಿತು. ಅದನ್ನು ತೆಳುವಾಗಿ ಕರಗಿಸಿ ಸ್ವಲ್ಪ ಹೊತ್ತು ಮಾತ್ರ ಇಟ್ಟು ತೊಳೆಯಬೇಕು; ಹುಳಿಯು ಬಹುಕಾಲ ನಿಂತರೆ ಹಿತ್ತಾಳೆಯೊಳಗಿನ ಸತುವನ್ನೇ ತಿನ್ನುತ್ತದೆ.

ಮುಂದಿನದು ಪರೀಕ್ಷೆ. ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರರೊಬ್ಬರು ನಮ್ಮ ಸ್ನೇಹಿತರು. ಅವರು ಕೈಪಂಪನ್ನೂ ಒತ್ತಡಮಾಪಕವನ್ನೂ ತಂದರು. ಬಾಯ್ಲರಿನಲ್ಲಿ ಗಾಳಿಯ ಗುಳ್ಳೆಯೊಂದೂ ಉಳಿಯದಂತೆ ತಣ್ಣೀರನ್ನು ತುಂಬಿ, ನಡೆಸಬೇಕಾದ ಒತ್ತಡದ ಎರಡರಷ್ಟು, ಎಂದರೆ 40 ಪೌಂಡಿನವರೆಗೆ ಏರಿಸಿದರು. ನೀರನ್ನು ಹಿಸುಕಿದರೂ ಅದು ಕುಗ್ಗುವುದಿಲ್ಲವೆನ್ನಬಹುದು. ಆದುದರಿಂದ ಬಾಯ್ಲರು ಬಿರಿದರೂ ಒಂದಿಷ್ಟು ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಅಷ್ಟೇ ಒತ್ತಡದ ಉಗಿಯಾದರೋ ಬಿರಿದೊಡನೆ ಹಿಗ್ಗಿ ಎದುರಿಗಿದ್ದವರನ್ನು ಸುಡುತ್ತದೆ. ಮುಳ್ಳು 15 ನಿಮಿಷ ಕದಲಲಿಲ್ಲ. ಮೊಮ್ಮಗನೇ ಗಡಿಯಾರ ಹಿಡಿದು ನಿಂತಿದ್ದನು. ಹಳೆಯ ವಾಲ್ವನ್ನು ತೆಗೆದಿಟ್ಟು, 20 ಪೌಂಡಿಗೆ ತೆರೆದುಕೊಳ್ಳುವ ಹೊಸ ಸ್ಪ್ರಿಂಗ್ ವಾಲ್ವನ್ನು ಕೂಡಿಸಿದೆವು. ಕುಕ್ಕರಿನ ಒತ್ತಡ ಸುಮಾರು 15 ಪೌಂಡು ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿದೀತು.

ಇನ್ನು ಸಿಲಿಂಡರುಗಳ ಮಾತು. ಈ ಬಗೆಯ ಎಂಜಿನ್ನಿನಲ್ಲಿ ಸಿಲಿಂಡರೇ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಅದರ ಬೆನ್ನಿನ ರಂಧ್ರವು ಒಮ್ಮೆ ಉಗಿ ಬರುವ ದಾರಿಗೂ ಒಮ್ಮೆ ಉಗಿ ಹೋಗುವ ದಾರಿಗೂ ಎದುರಾಗುತ್ತದೆ. ಎರಡು ಮುಖಗಳು ಕನ್ನಡಿಯಂತೆ ಒಂದಕ್ಕೊಂದು ಕೂಡಿದರೆ ಮಾತ್ರ ಉಗಿ ಸೋರದು. ಗಾಜಿನ ಹಲಗೆಯ ಮೇಲೆ ಅತಿ ನಯವಾದ ಪಾಲಿಶ್ ಕಾಗದವನ್ನು ಹಾಸಿ, ಎಣ್ಣೆ ಹಚ್ಚಿ, ನಾಲ್ಕು ಸಂಜೆ ಆ ಮುಖಗಳನ್ನು ಉಜ್ಜಿದೆವು. ಶ್ರೀಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ಗುರುಗಳು ಒಂದೇ ಸೂತ್ರವನ್ನು ನೂರು ಸಲ ಹೇಳಿಸುತ್ತಿದ್ದುದಕ್ಕೂ ಈ ಉಜ್ಜುವಿಕೆಗೂ ಬಹಳ ಅಂತರವಿಲ್ಲ. ಆ ದಿನಗಳಲ್ಲಿ ರಾತ್ರಿ ಕೇಳಿಬರುತ್ತಿದ್ದ ಮೀಟರ್ ಗೇಜ್ ಎಂಜಿನ್ನುಗಳ ಕೂಗು ಕೆಲಸದ ನಡುವೆ ಒಂದೆರಡು ಸಲ ನೆನಪಾಯಿತು.

ಈವರೆಗಿನದು ದುರಸ್ತಿ. ಸುಧಾರಣೆ ಎನ್ನಬಹುದಾದವು ಎರಡೇ, ಎರಡೂ ವೇಗಕ್ಕಾಗಿ ಮಾಡಿದವಲ್ಲ.

ಮೊದಲನೆಯದು ಎಣ್ಣೆಯ ಬಟ್ಟಲು. ಉಗಿಯು ಸಿಲಿಂಡರಿನ ಎಣ್ಣೆಯನ್ನೆಲ್ಲ ತೊಳೆದೊಯ್ಯುತ್ತದೆ. ಒಣಗಿದ ಪಿಸ್ಟನ್ ತೇಯುತ್ತದೆ. ಇದಕ್ಕೆ ಹಿಂದಿನ ಶತಮಾನಗಳ ಯಂತ್ರಜ್ಞರು ಕಂಡುಕೊಂಡ ಉಪಾಯವು ನಮ್ಮನ್ನು ಮುಗ್ಧಗೊಳಿಸಿತು. ಉಗಿಯ ಕೊಳವೆಯ ಪಕ್ಕದಲ್ಲಿ ಒಂದು ಪುಟ್ಟ ಮುಚ್ಚಿದ ಬಟ್ಟಲು, ಅದರ ತುಂಬ ದಪ್ಪನೆಯ ಎಣ್ಣೆ, ಎರಡರ ನಡುವೆ ಸೂಜಿಮೊನೆಯಷ್ಟು ರಂಧ್ರ. ರಂಧ್ರದಿಂದ ಒಳಹೊಕ್ಕ ಉಗಿ ತಣಿದು ನೀರಾಗುತ್ತದೆ. ನೀರು ಎಣ್ಣೆಗಿಂತ ಭಾರವಾದುದರಿಂದ ತಳಕ್ಕೆ ಇಳಿದು, ಅಷ್ಟೇ ಎಣ್ಣೆಯನ್ನು ಮೇಲೆತ್ತಿ ಕೊಳವೆಗೆ ಹನಿಸುತ್ತದೆ. ಕೀಲಿಲ್ಲ, ಚಲಿಸುವ ಭಾಗವಿಲ್ಲ. ಎಂಜಿನ್ನು ಓಡಿದಷ್ಟು ಹೊತ್ತು ತನಗೆ ಬೇಕಾದ ಎಣ್ಣೆಯನ್ನು ತಾನೇ ಬಡಿಸಿಕೊಳ್ಳುತ್ತದೆ. ಪತ್ತಾರರು ಇದನ್ನು ಹಿತ್ತಾಳೆಯ ಕೊಳವೆಯ ತುಂಡಿನಿಂದ ಮಾಡಿಕೊಟ್ಟರು.

ಎರಡನೆಯದು ಬೆಂಕಿ. ಇಂಧನದ ಬಿಲ್ಲೆಗಳ ತಟ್ಟೆಯನ್ನು ತೆಗೆದು, ಮೂರು ಬತ್ತಿಗಳ ಸ್ಪಿರಿಟ್ ದೀಪವನ್ನು ಇರಿಸಿದೆವು. ಸ್ಪಿರಿಟಿನ ಉರಿ ಹಗಲ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆದುದರಿಂದ ಓಟ ಸಂಜೆಯಲ್ಲೇ, ಪಕ್ಕದಲ್ಲಿ ಒದ್ದೆ ಗೋಣಿಚೀಲ ಇದ್ದೇ ಇರಬೇಕು. ಇಲ್ಲಿ ಒಂದು ನಿಯಮವನ್ನು ಮನೆಯ ಕಟ್ಟಳೆಯಾಗಿಯೇ ಮಾಡಿದ್ದೇವೆ. ನೀರು ತೀರುವ ಮೊದಲು ಬೆಂಕಿ ತೀರಬೇಕು. 100 ಮಿ.ಲೀ. ನೀರಿಗೆ 20 ಮಿ.ಲೀ. ಸ್ಪಿರಿಟ್, ಅದಕ್ಕೆ ಮೇಲೊಂದು ಹನಿಯೂ ಇಲ್ಲ. ಔಷಧಿಯ ಅಳತೆಲೋಟದಲ್ಲಿ ಅಳೆಯುವ ಅಧಿಕಾರವನ್ನು ಮೊಮ್ಮಗನಿಗೆ ಕೊಟ್ಟೆವು. "ಇನ್ನ ಸ್ವಲ್ಪ ಹಾಕೂಣು" ಎಂದು ಅಳಿಯಂದಿರು ದೂರವಾಣಿಯಲ್ಲಿ ಸಲಹೆಯಿತ್ತಾಗ, "ಬ್ಯಾಡ ಮಾಮಾ, ನೀರು ಮುಗೀತದ" ಎಂದು ಅವನೇ ತಡೆದನು.

ಬಣ್ಣದ ವಿಷಯದಲ್ಲಿ ಅಳಿಯಂದಿರೊಡನೆ ಭಿನ್ನಾಭಿಪ್ರಾಯ ಉಳಿದಿದೆ. ಎಲ್ಲವನ್ನೂ ಕೆರೆದು ಹೊಸ ಹಸಿರು ಬಳಿಯಬೇಕೆಂದು ಅವರ ಆಸೆ. ಕ್ಯಾಬಿನ ಒಳಬದಿಯಲ್ಲಿ ಆ ದೇಶದ ಯಾವುದೋ ಮಗು ಮೊಳೆಯಿಂದ ಗೀಚಿದ ಎರಡು ಅಕ್ಷರಗಳಿವೆ. ಅವನ್ನು ಅಳಿಸಲು ನಮಗೆ ಮನಸ್ಸಿಲ್ಲ.

ಮಳೆಯ ನೀರನ್ನು ಸೋಸಿ ತುಂಬಿ, ಅಂಗಳದಲ್ಲಿ ಹತ್ತಡಿ ಅಡ್ಡಳತೆಯ ವರ್ತುಲವಾಗಿ ಹಳಿ ಹಾಸಿ, ಮೂರು ತಿಂಗಳ ಬಳಿಕ ಬತ್ತಿ ಹಚ್ಚಿದೆವು. ಪತ್ತಾರರೂ ಫಿಟ್ಟರರೂ ಕಟ್ಟೆಯ ಮೇಲೆ ಕುಳಿತಿದ್ದರು. ಎಂಜಿನ್ನಿಗೆ ಹೊರೆಯಿಲ್ಲದಿದ್ದರೆ ಅದು ನಾಗಾಲೋಟ ಓಡಿ ತಿರುವಿನಲ್ಲಿ ಉರುಳುತ್ತದೆ. ಅದಕ್ಕೆಂದೇ ಹಿಂದೆ ಎರಡು ಡಬ್ಬಿಗಳನ್ನು ಕಟ್ಟಿ, ಜಲ್ಲಿಕಲ್ಲು ತುಂಬಿದ್ದೆವು. ವಾಲ್ವು ಒಮ್ಮೆ ಸುಯ್ಯೆಂದಿತು. ಮೊಮ್ಮಗನು ಬೆರಳಿನಿಂದ ಒಮ್ಮೆ ಮೆಲ್ಲನೆ ನೂಕಿದೊಡನೆ ಬಂಡಿಯು ಕೆಮ್ಮಿ, ಸಿಲಿಂಡರುಗಳಲ್ಲಿದ್ದ ನೀರನ್ನು ಉಗುಳಿ, ಹೊರಟಿತು. ಒಂದು ಸುತ್ತಿಗೆ 40 ಸೆಕೆಂಡು. ನಿಜವಾದ ಕಿರುರೈಲಿನ ಲೆಕ್ಕಕ್ಕೆ ತಂದರೆ ಗಂಟೆಗೆ ಸುಮಾರು 16 ಕಿ.ಮೀ. ವೇಗ. ಹದಿನಾಲ್ಕು ಸುತ್ತುಗಳಾದ ಮೇಲೆ ದೀಪ ತಾನೇ ಆರಿತು. ತಣಿದ ಬಳಿಕ ಬಾಯ್ಲರನ್ನು ಬಗ್ಗಿಸಿ ಅಳೆದರೆ 38 ಮಿ.ಲೀ. ನೀರು ಉಳಿದಿತ್ತು, ಎಣ್ಣೆಯ ಬಟ್ಟಲಿನ ತಳದಲ್ಲಿ ನೀರು, ಮೇಲೆ ಅರ್ಧದಷ್ಟು ಎಣ್ಣೆ.

ಎಡಗಡೆಯ ಸಿಲಿಂಡರಿನ ಮುಖದಿಂದ ಇನ್ನೂ ತುಸು ಉಗಿ ಸೋರುತ್ತದೆ. ಅದರ ಸ್ಪ್ರಿಂಗು ಹೆಚ್ಚು ಸಡಿಲವೋ, ಇನ್ನೆರಡು ಸಂಜೆ ಉಜ್ಜುವುದಿದೆಯೋ ಎಂಬುದನ್ನು ಫಿಟ್ಟರರು ಬರುವ ಭಾನುವಾರ ಬಂದು ನೋಡಲಿದ್ದಾರೆ.