ಎಸ್.ಪಿ. ರಸ್ತೆಯಲ್ಲಿ ಕಂಡ ಜೋಡಿಯ ಲೆಕ್ಕ

ಬೆಂಗಳೂರಿನ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿ ಪುರಭವನದಿಂದ ನಗರ್ತಪೇಟೆಯ ಕಡೆಗೆ ನಡೆದರೆ ಸಾದರ್ ಪತ್ರಪ್ಪ ರಸ್ತೆ ಎದುರಾಗುತ್ತದೆ. ಜನರ ಬಾಯಲ್ಲಿ ಅದು ಎಸ್.ಪಿ. ರಸ್ತೆ. ಕರಗಕ್ಕೆ ಹೆಸರಾದ ಧರ್ಮರಾಯಸ್ವಾಮಿ ದೇವಸ್ಥಾನ ಇಲ್ಲಿಗೆ ದೂರವಿಲ್ಲ. 2017ರಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೊ ನಿಲ್ದಾಣದಲ್ಲಿಳಿದು ನಡೆದೇ ಬರಬಹುದಾಗಿದೆ. ಇಕ್ಕಟ್ಟಾದ ಈ ಬೀದಿಯಲ್ಲಿ ತಂತಿ, ಸ್ವಿಚ್ಚುಗಳಿಂದ ಮೊದಲುಗೊಂಡು ಕಂಪ್ಯೂಟರಿನ ಸಕಲ ಬಿಡಿಭಾಗಗಳೂ ದೊರೆಯುತ್ತವೆ.

ತುಮಕೂರಿನ ಕಡೆಯ ನಮ್ಮ ಸ್ನೇಹಿತರೊಬ್ಬರು ಮಗನೊಡನೆ ಇಲ್ಲಿಗೆ ಬಂದಾಗ ನಾವೂ ಜೊತೆಗೂಡಿದೆವು. ಹುಡುಗನಿಗೆ ಅವನ ಸೋದರಮಾವ ಜಿಫೋರ್ಸ್ ಆರ್‌ಟಿಎಕ್ಸ್ 5080 ಎಂಬ ಗ್ರಾಫಿಕ್ಸ್ ಕಾರ್ಡನ್ನು ಉಡುಗೊರೆಯಾಗಿ ಕೊಟ್ಟಿದ್ದರು. 2025ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ, 16 ಜಿಬಿ ಸ್ಮೃತಿಯುಳ್ಳ ಈ ಕಾರ್ಡು ಕಂಪ್ಯೂಟರ್ ಆಟಗಳಿಗೆಂದೇ ತಯಾರಾದ ದುಬಾರಿ ವಸ್ತು. ಅದಕ್ಕೆ ಒಪ್ಪುವ ಪ್ರೊಸೆಸರ್ ಕೊಳ್ಳುವ ಹೊಣೆ ತಂದೆಯದು. ಅಡಿಕೆ ಮಾರಿ ಬಂದಿದ್ದ ಆ ಹಣದಲ್ಲಿಯೇ ಮಗಳ ಹಾಸ್ಟೆಲ್ ಶುಲ್ಕವನ್ನೂ ಕಟ್ಟಬೇಕಾಗಿತ್ತು.

“ದೊಡ್ಡ ಕಾರ್ಡಿಗೆ ದೊಡ್ಡ ಪ್ರೊಸೆಸರನ್ನೇ ಕೊಡಿ,” ಎಂದರು ನಮ್ಮ ಸ್ನೇಹಿತರು. 16 ಕೋರುಗಳ ರೈಜನ್ 9 7950ಎಕ್ಸ್3ಡಿ ಆಗಲೇ ಹುಡುಗನ ಕಣ್ಣಿಗೆ ಬಿದ್ದಿತ್ತು. ಅಂಗಡಿಯ ಹಿರಿಯರು ಅದನ್ನು ತೆಗೆದುಕೊಡುವ ಬದಲು, “ಯಜಮಾನರೇ, ಮನೆಯಲ್ಲಿರುವ ಪರದೆ ಯಾವುದು? ಹುಡುಗ ಆಡುವ ಆಟ ಯಾವುದು?” ಎಂದು ಕೇಳಿದರು.

ಈ ಪ್ರಶ್ನೆಗಳಲ್ಲಿಯೇ ಎಲ್ಲ ಮರ್ಮವೂ ಅಡಗಿದೆ. ಆಟದಲ್ಲಿ ಯಾವ ಪಾತ್ರ ಎಲ್ಲಿದೆ, ಯಾವ ವಾಹನ ಎತ್ತ ತಿರುಗಿತು ಎಂಬ ಲೆಕ್ಕವನ್ನು ಪ್ರೊಸೆಸರ್ ಮಾಡುತ್ತದೆ. ಆ ಲೆಕ್ಕದಂತೆ ಚಿತ್ರ ಬಿಡಿಸುವುದು ಕಾರ್ಡಿನ ಕೆಲಸ. ಕಾರ್ಡು ಸೆಕೆಂಡಿಗೆ 140 ಚಿತ್ರಗಳನ್ನು ಬಿಡಿಸಬಲ್ಲದಾದರೂ, ಪ್ರೊಸೆಸರ್ 80 ಚಿತ್ರಗಳಿಗಷ್ಟೇ ಲೆಕ್ಕ ಒದಗಿಸಿದರೆ ಪರದೆಯ ಮೇಲೆ ಮೂಡುವುದು 80 ಮಾತ್ರ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ನಿಧಾನದ ಎತ್ತೇ ಗಾಡಿಯ ವೇಗವನ್ನು ನಿರ್ಧರಿಸುತ್ತದೆಯಷ್ಟೆ.

ಇನ್ನು ಪರದೆಯ ಮಾತು. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ, 3840×2160ರ 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು, ಅಂದರೆ ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಚುಕ್ಕೆಗಳು ಹೆಚ್ಚಿದಂತೆ ಮುಖ್ಯವಾಗಿ ಕಾರ್ಡಿನ ಹೊರೆ ಹೆಚ್ಚುತ್ತದೆ. ಪ್ರೊಸೆಸರಿನ ಹೊರೆ ಅಷ್ಟಾಗಿ ಏರುವುದಿಲ್ಲ. ಆದುದರಿಂದ 4ಕೆ ಪರದೆಯಲ್ಲಿ ಅತಿ ದುಬಾರಿ ಪ್ರೊಸೆಸರಿಗೂ ಮಧ್ಯಮ ಬೆಲೆಯದಕ್ಕೂ ಅಂತರ ಕಡಿಮೆ. ಚಿಕ್ಕ ಪರದೆಯಲ್ಲಿ ಅದೇ ಅಂತರ ಎದ್ದು ಕಾಣುತ್ತದೆ.

ಹುಡುಗನದು 4ಕೆ ಪರದೆ. “ಹಾಗಾದರೆ 6 ಕೋರಿನದೇ ಸಾಲದೇ?” ಎಂದು ತಂದೆ ಕೇಳಿದರು. ಅನೇಕ ಆಟಗಳಿಗೆ ಸಾಕು, ಆದರೆ ಹುಡುಗ ನಗರ ಕಟ್ಟುವ ಆಟವನ್ನೇ ಹೆಚ್ಚಾಗಿ ಆಡುವುದರಿಂದ ಪ್ರೊಸೆಸರಿಗೆ ಲೆಕ್ಕ ಜಾಸ್ತಿ ಎಂದರು ಹಿರಿಯರು. ಅವರು ಸೂಚಿಸಿದ್ದು 2023ರಲ್ಲಿ ಬಂದ 8 ಕೋರಿನ ರೈಜನ್ 7 7800ಎಕ್ಸ್3ಡಿ. ಪದೇಪದೇ ಬೇಕಾಗುವ ಮಾಹಿತಿಯನ್ನು ಕೈಯಳತೆಯಲ್ಲಿಡುವ ಎಲ್3 ಕ್ಯಾಶೆ ಇದರಲ್ಲಿ 96 ಎಂಬಿಯಷ್ಟಿದೆ. 7700ಎಕ್ಸ್ ಎಂಬ ಸಾಮಾನ್ಯ 8 ಕೋರಿನದರಲ್ಲಿ ಇರುವುದು 32 ಎಂಬಿ. 16 ಕೋರುಗಳು ವಿಡಿಯೊ ಸಂಕಲನದಂತಹ ಕೆಲಸದವರಿಗೆ ಸಾರ್ಥಕ. ಆಟವಷ್ಟೇ ಆಡುವವನಿಗೆ ಅವುಗಳಲ್ಲಿ ಬಹುಪಾಲು ಸುಮ್ಮನೆ ಕುಳಿತಿರುತ್ತವೆ.

ಹೀಗೆ ಉಳಿದ ಹಣದಲ್ಲಿ ಒಂದಂಶ 850 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್‌ಗೆ ಸಂದಿತು. 360 ವ್ಯಾಟ್ ಬೇಡುವ ಕಾರ್ಡಿಗೆ ಅಲ್ಲಿ ಜಿಪುಣತನ ಸಲ್ಲದು. ಮದರ್‌ಬೋರ್ಡು ಎಎಂ5 ಸಾಕೆಟ್ಟಿನದಾದ್ದರಿಂದ ಮುಂದೆ ಬೇಕೆನಿಸಿದರೆ ಪ್ರೊಸೆಸರನ್ನು ಮಾತ್ರ ಬದಲಿಸಿಕೊಳ್ಳಬಹುದು. ಮಗಳ ಶುಲ್ಕದ ಹಣ ತಂದೆಯ ಜೇಬಿನಲ್ಲಿಯೇ ಭದ್ರವಾಗಿ ಉಳಿಯಿತು. ಹುಡುಗನೂ ಮುಖ ಸಣ್ಣದು ಮಾಡಲಿಲ್ಲ.

ಇಂದು ಅನೇಕ ಮನೆಗಳಲ್ಲಿ ಮಕ್ಕಳು ಇಂತಹ ಯಂತ್ರಕ್ಕಾಗಿ ಹಂಬಲಿಸುತ್ತಿದ್ದಾರೆ. ಹೆಸರುಗಳನ್ನು ಕೇಳಿ ಹಿರಿಯರು ಗಾಬರಿಯಾಗಬೇಕಿಲ್ಲ. ಪರದೆ ಯಾವುದು, ಆಟ ಯಾವುದು, ಬೇರೆ ಕೆಲಸವೇನಾದರೂ ಉಂಟೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮನೆಯಲ್ಲಿಯೇ ಬರೆದುಕೊಂಡು ಎಸ್.ಪಿ. ರಸ್ತೆಗೆ ಹೊರಡುವುದು ಲೇಸು.