ಅಪ್ಪನ ಪೇಟಿಯ ಒಂದು ಅಲೆ

ನಮ್ಮ ಧಾರವಾಡದ ಕಡೆ ಹಾರ್ಮೋನಿಯಂಗೆ ಪೇಟಿ ಅಂತೀವಿ. ಬಲಗೈ ಸ್ವರಕ್ಕೆ, ಎಡಗೈ ಗಾಳಿಗೆ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಆಗಿ ಅಪ್ಪನ ಎಡಗೈ ಸೋತಿತು. ಬಲಗೈ ಬೆರಳುಗಳು ಚೆನ್ನಾಗೇ ಇವೆ. ನಾನು ಪಕ್ಕದಲ್ಲಿ ಕೂತು ತಿದಿ ಒತ್ತಿದರೆ, "ನಿನ್ನ ಉಸಿರು ಬ್ಯಾರೆ, ನನ್ನ ಉಸಿರು ಬ್ಯಾರೆ, ಬಿಡವಾ" ಅಂತ ನಿಲ್ಲಿಸಿಬಿಡುತ್ತಿದ್ದರು. ಎಲೆಕ್ಟ್ರಾನಿಕ್ ಕೀಬೋರ್ಡಿನ ಹಾರ್ಮೋನಿಯಂ ದನಿಯಂತೂ ಅವರಿಗೆ ಸೇರಲೇ ಇಲ್ಲ.

ನನ್ನ ಮಗನಿಗೆ ಕಂಪ್ಯೂಟರಿನಲ್ಲಿ ಸಂಗೀತ ಮಾಡುವ ಹುಚ್ಚು. "ಅಜ್ಜನ ಪೇಟೀದ ದನೀನ ಒಳಗ ತರೋಣು" ಅಂದ. ಅವನು ಬಳಸಿದ್ದು ವೈಟಲ್ ಎಂಬ ಸಾಫ್ಟ್‌ವೇರ್ ಸಿಂಥಸೈಜರ್. ಅದರ ಮೂಲ ಆವೃತ್ತಿಗೆ ದುಡ್ಡಿಲ್ಲ.

ಲೆಕ್ಕ ಕೇಳಿ ನನಗೆ ಬೆರಗಾಯಿತು. ಒಂದು ಸ್ವರ ಸೆಕೆಂಡಿಗೆ 220 ಸಲ ಕಂಪಿಸುತ್ತದೆ ಅನ್ನಿ. ಸೆಕೆಂಡಿಗೆ 44,100 ಬಿಂದುಗಳಂತೆ ರೆಕಾರ್ಡ್ ಮಾಡಿದರೆ, ಒಂದು ಕಂಪನ ಅಂದರೆ ಸುಮಾರು 200 ಬಿಂದು, ಅಷ್ಟೇ. ಆ ಒಂದೇ ಅಲೆಯನ್ನು ಕತ್ತರಿಸಿ, 2048 ಬಿಂದುಗಳ ಅಳತೆಗೆ ಹಿಗ್ಗಿಸಿ, ಸಿಂಥಸೈಜರಿಗೆ ಕೊಡಬೇಕು. ಅದು ಆ ಅಲೆಯನ್ನೇ ಮತ್ತೆ ಮತ್ತೆ ಸುತ್ತಿಸುತ್ತದೆ. ಬೇಗ ಸುತ್ತಿಸಿದರೆ ಮೇಲಿನ ಸ್ವರ, ನಿಧಾನವಾದರೆ ಕೆಳಗಿನದು.

ಕತ್ತರಿಸುವುದರಲ್ಲೇ ಇದೆ ಕೆಲಸ. ಅಲೆ ಸೊನ್ನೆಯ ಗೆರೆ ದಾಟಿ ಮೇಲೇರುವಲ್ಲಿ ಶುರು ಮಾಡಿ, ಅದೇ ಆಕಾರ ಮತ್ತೆ ಆರಂಭವಾಗುವಲ್ಲಿ ನಿಲ್ಲಿಸಬೇಕು. ಎರಡು ತುದಿ ಕೂಡದಿದ್ದರೆ ಪ್ರತಿ ಸುತ್ತಿಗೂ ಒಂದು ಜಿಗಿತ ಬಂದು, ದನಿ ಕರಕರ ಅನ್ನುತ್ತದೆ.

ಮೊದಲ ಸಲ ನುಡಿಸಿದ ಅಪ್ಪ, "ದನಿ ನಮ್ಮ ಪೇಟೀದ ಐತಿ, ಆದ್ರ ಜೀವಾ ಇಲ್ಲೋ" ಅಂದರು. ನಿಜವೇ. ನಮ್ಮದು ಜೋಡಿ ರೀಡಿನ ಪೇಟಿ. ಒಂದೇ ಸ್ವರಕ್ಕೆ ಎರಡು ರೀಡು, ಅವುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ. ಅದರಿಂದ ಹುಟ್ಟುವ ತೂಗಾಟ ಒಂದು ಅಲೆಯೊಳಗೆ ಹಿಡಿಯುವುದಿಲ್ಲ. ಮಗ ಅದೇ ಅಲೆಯನ್ನು ಎರಡು ದನಿ ಮಾಡಿ, ಒಂದನ್ನು ತುಸುವೇ ತಪ್ಪಿಸಿದ. ತೂಗಾಟ ಬಂತು.

ಉಳಿದದ್ದು ಗಾಳಿ. ಅದಕ್ಕೆ ದಾರಿ ತೋರಿಸಿದವರು ಅಪ್ಪನೇ: "ಕಂಪನಿ ನಾಟಕದಾಗ ಕಾಲಪೇಟಿ ಇರ್ತಿತ್ತಲಾ, ಹಂಗ ನನ್ನ ಕಾಲಿಗೇನರ ಕೊಡು." ಮಗ ಒಂದು ಎಕ್ಸ್‌ಪ್ರೆಶನ್ ಪೆಡಲ್ ಜೋಡಿಸಿದ. ಈಗ ಬಲಗಾಲು ಒತ್ತಿದಷ್ಟು ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ.

ಇದು ಪೇಟಿಗೆ ಸಮ ಅಂತ ಅಪ್ಪ ಇನ್ನೂ ಒಪ್ಪಿಲ್ಲ. ಆದರೂ ದಿನಾ ಸಂಜೆ ಭಜನೆಗೆ ಕೂರುತ್ತಾರೆ.

ನಿಮ್ಮ ಮನೆಯಲ್ಲೂ ಹಳೆಯ ವಾದ್ಯವಿದ್ದರೆ, ಅದು ನುಡಿಯುತ್ತಿರುವಾಗಲೇ ಸದ್ದಿಲ್ಲದ ಕೋಣೆಯಲ್ಲಿ ಕೆಳಗಿನ, ನಡುವಿನ, ಮೇಲಿನ ಒಂದೊಂದು ಸ್ವರ ಎಳೆದು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹತ್ತು ಹತ್ತು ಸೆಕೆಂಡ್ ಸಾಕು.