ಅವಳಿ ಊರುಗಳ ಚಹರೆ
ಯುರೋಪಿನ ಬುಡಾ, ಪೆಸ್ಟ್, ಓಬುಡಾ ಊರುಗಳು 1873ರಲ್ಲಿ ಕೂಡಿ ಬುಡಾಪೆಸ್ಟ್ ಆದವು. ಅಮೆರಿಕದ ಮಿನಿಯಾಪೊಲಿಸ್, ಸೇಂಟ್ ಪಾಲ್ ಅವಳಿ ಎನಿಸಿಕೊಂಡರೂ ಅವುಗಳ ಆಡಳಿತ ಬೇರೆ ಬೇರೆ. ಕರ್ನಾಟಕದ ಗದಗ-ಬೆಟಗೇರಿಗಾದರೋ ನಗರಸಭೆ ಒಂದೇ, ಹೆಸರು ಎರಡು, ಚೆಲುವೂ ಎರಡು ಬಗೆಯದು. ಗದಗಿನ ಹಿರಿಮೆ ಅದರ ಗುಡಿಗಳಲ್ಲಿದೆ. ತ್ರಿಕೂಟೇಶ್ವರದ ಆವರಣದ ಸರಸ್ವತಿ ಗುಡಿಯಲ್ಲಿ ಕಂಬಗಳ ಕುಸುರಿ ಎಷ್ಟು ನವುರೆಂದರೆ, ಕಲ್ಲು ಎಂಬುದೇ ಮರೆತುಹೋಗುತ್ತದೆ. ಕುಮಾರವ್ಯಾಸ ತನ್ನ ಭಾರತವನ್ನು ರಚಿಸಿದ್ದು ಇಲ್ಲಿನ ವೀರನಾರಾಯಣನ ಸನ್ನಿಧಿಯಲ್ಲಿ ಎಂಬುದು ಜನರ ನಂಬಿಕೆ. ಬೆಟಗೇರಿ ನೇಕಾರರ ಊರು. ಅದರ ಅಂದವನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ: ಮನೆಯೊಳಗೆ ಮಗ್ಗ, ಓಣಿಯಲ್ಲಿ ಅದರ ಸದ್ದು. ಹಳೆಯ ವೀರಗಲ್ಲುಗಳೂ ಅಲ್ಲಿವೆ. ನೋಡಲು ಬರುವವರು ಕಡಿಮೆ, ಇನ್ನಷ್ಟು ಜನ ಬರಬೇಕು.